ಜೋಡಗೈ ತಲವಾರದ ಇತಿಹಾಸ

ಮೊನ್ನೆ ಹೂರಣಕ್ಕೆ ಹಾಕಲು ಜಾಯಿಕಾಯಿ ಹುಡುಕುತ್ತಿದ್ದೆ. ಕಪಾಟಿನ ಖಾನೆಯಲ್ಲಿ ಕೈಯಾಡಿಸಿದರೆ ಸಿಕ್ಕಿದ್ದು ಹೆಬ್ಬೆರಳಿಗೆ ಕಟ್ಟುವ ಪಟ್ಟಿ. ಕಪ್ಪು ಬಣ್ಣದ್ದು, ಒಳಗೊಂದು ತಗಡು, ಬಿಚ್ಚಿದರೆ ಚರ್ ಎಂದು ಸದ್ದು ಮಾಡುವಂಥದ್ದು. ಜಾಯಿಕಾಯಿ ಸಿಗಲೇ ಇಲ್ಲ. ಆ ದಿನದ ಹೋಳಿಗೆ ಬರೀ ಏಲಕ್ಕಿಯ ಮೇಲೆ ಮುಗಿಯಿತು. ನಾನು ಮಾತ್ರ ಪಟ್ಟಿಯನ್ನು ಬೆರಳಿಗೆ ಹಾಕಿಕೊಂಡು ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದೆ.

ಈ ಪಟ್ಟಿ ಕಟ್ಟಿದವರು ನಮ್ಮ ಉಮರ್ಗಾದ ಡಾಕ್ಟರು. ಬೆರಳನ್ನು ಹಿಂದೆ ಮುಂದೆ ತಿರುವಿ, ನಾನು ಅಯ್ಯೋ ಎಂದಾಗ ಸಮಾಧಾನಪಟ್ಟು, ಕೇಳಿದ್ದರು.

"ಹ್ಯಾಂಗ ಆಯ್ತ್ರೀ ಬಾಯಿ? ಕಟಗಿ ಒಡೀಲಾಕ ಹೋಗಿದ್ರೇನು?"

"ಇಲ್ರೀ. ತಲವಾರ ಹಿಡದು ಹಿಂಗಾಗೇದ."

ಡಾಕ್ಟರು ಕನ್ನಡಕದ ಮೇಲಿನಿಂದ ನಮ್ಮವರನ್ನು ನೋಡಿದರು. ನಮ್ಮವರು ಗೋಡೆಯ ಮೇಲಿದ್ದ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ನೋಡತೊಡಗಿದರು. "ಫೋನಿನಾಗಿನ ತಲವಾರರೀ" ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ಅದನ್ನು ಕೇಳಿ ಡಾಕ್ಟರ ಮುಖ ಇನ್ನಷ್ಟು ಗಂಭೀರವಾಯಿತು.

ನಿಮಗೂ ಬಿಡಿಸಿಯೇ ಹೇಳುತ್ತೇನೆ. ನನಗೆ ನಲವತ್ತೇಳು ವಯಸ್ಸು. ತವರು ಬಸವಕಲ್ಯಾಣದ ಕಡೆಯ ಹಳ್ಳಿ, ಗಂಡನ ಮನೆ ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ, ಹೊಲ ಪಕ್ಕದ ದಾಳಿಂಬ ಎಂಬ ಊರಿನಲ್ಲಿ. ಎಲ್ಲರೂ ಮನೆಯೊಳಗೇ ಕೂತಿರಬೇಕಾಗಿದ್ದ ಆ ರೋಗದ ದಿನಗಳಲ್ಲಿ ನಮ್ಮವರ ಹಳೆಯ ಫೋನು ನನ್ನ ಪಾಲಿಗೆ ಬಂತು. ಅದರಲ್ಲಿ 'ಏಳು ಕೋಟೆ' ಎಂಬ ಆಟ ಮೊದಲೇ ಇತ್ತು. ಎಲ್ಲೆಲ್ಲಿಯವರೋ ತಮ್ಮ ತಮ್ಮ ಊರಿನಲ್ಲೇ ಕೂತು ಒಟ್ಟಿಗೆ ಆಡುವ ಆಟ. ಒಂದೊಂದು ಕೋಟೆ ಗೆದ್ದು, ಕೊನೆಗೆ ಅಲ್ಲಿನ ದೈತ್ಯನನ್ನು ಕೊಲ್ಲಬೇಕು. ಶುರುವಿನಲ್ಲಿ ನೀನು ಗಂಡೋ ಹೆಣ್ಣೋ ಎಂದು ಕೇಳಿತು. ಹೆಣ್ಣುವೀರರಿಗೆ ಅವರು ತೊಡಿಸಿದ್ದ ಬಟ್ಟೆ ನೋಡಿದೆ. ಅಷ್ಟೇ ಬಟ್ಟೆಯಲ್ಲಿ ನಾನು ಯುದ್ಧಕ್ಕಿರಲಿ, ಅಂಗಳಕ್ಕೂ ಇಳಿಯುವವಳಲ್ಲ. ಹಾಗಾಗಿ ಗಡ್ಡ ಬಿಟ್ಟು, ಮೈತುಂಬ ಕಬ್ಬಿಣ ತೊಟ್ಟು, 'ರುದ್ರಸೇನ' ಎಂದು ಹೆಸರಿಟ್ಟುಕೊಂಡೆ.

ನನಗೆ ಕತ್ತಿಯ ಆಸೆ ಹಳೆಯದು. ಚಿಕ್ಕಂದಿನಲ್ಲಿ ಶಾಲೆಯ ನಾಟಕದಲ್ಲಿ ರಾಜನಿಗೆ ರಟ್ಟಿನ ಕತ್ತಿ, ಅದಕ್ಕೆ ಬೇಗಡೆ ಕಾಗದ ಬೇರೆ. ಬಾಗಿಲು ಕಾಯುವ ನನಗೆ ತೊಗರಿ ಕಟ್ಟಿಗೆ. ರಾಜನ ಕತ್ತಿ ಮೊದಲ ಏಟಿಗೇ ಮಡಚಿಕೊಂಡಿತು. ನನ್ನ ತೊಗರಿ ಕಟ್ಟಿಗೆ ಗಟ್ಟಿಯಾಗಿ ನಿಂತಿತು, ಆದರೆ ಅದನ್ನು ಎತ್ತಲು ನನಗೆ ಯಾರೂ ಹೇಳಿಕೊಡಲಿಲ್ಲ. ಬಾಗಿಲು ಕಾಯುವವಳು ಸುಮ್ಮನೆ ನಿಲ್ಲಬೇಕಂತೆ. ಆ ಸಿಟ್ಟು ಮೂವತ್ತೈದು ವರ್ಷ ಹೊಟ್ಟೆಯೊಳಗಿತ್ತು.

ಈಗ ಇತಿಹಾಸಕ್ಕೆ ಬರೋಣ. ಏಳು ಕೋಟೆಯಲ್ಲಿ ಮೊದಲು ಎರಡು ಕೈಯಲ್ಲಿ ಹಿಡಿಯುವ ಕತ್ತಿ ಒಂದೇ ಒಂದು ಬಗೆಯದಿತ್ತು. ಆಳೆತ್ತರದ್ದು. ಅದನ್ನು ಹಿಡಿದರೆ ಢಾಲು, ಅಂದರೆ ಗುರಾಣಿ, ಹಿಡಿಯುವಂತಿಲ್ಲ, ಏಕೆಂದರೆ ಕೈ ಉಳಿಯುವುದಿಲ್ಲ. ಬಿದ್ದರೆ ಏಟು ಭಾರಿ, ಆದರೆ ಬೀಳುವಷ್ಟರಲ್ಲಿ ಎದುರಿನವನು ಎರಡು ಸಲ ಕಚ್ಚಿ, ಬಾಯಿ ಒರೆಸಿಕೊಂಡಿರುತ್ತಿದ್ದ. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಆಟ ಮಾಡಿದವರಿಗೆ ಅದರ ಮೇಲೆ ಕನಿಕರ ಬಂದು, ಏಟನ್ನು ಇಮ್ಮಡಿ ಮಾಡಿದರು. ಬೆಳಗಾಗುವಷ್ಟರಲ್ಲಿ ಊರಿಗೂರೇ ಜೋಡು ಕೈಯಲ್ಲಿ ಕತ್ತಿ ಹಿಡಿದು ನಿಂತಿತ್ತು. ಢಾಲುಗಳನ್ನು ಕೇಳುವವರಿಲ್ಲದೆ ಕೋಟೆಯ ಬಾಗಿಲಲ್ಲಿ ಚೆಲ್ಲಿ ಹೋದರು. ನಾನು ಅವನ್ನೆಲ್ಲ ಆರಿಸಿ ತಂದು ಇಟ್ಟುಕೊಂಡೆ, ಮನೆ ಹೆಣ್ಣುಮಗಳ ಬುದ್ಧಿ ಎಲ್ಲಿ ಹೋಗುತ್ತದೆ? ಅಂಥ ಒಂದು ಕತ್ತಿ ಪಡೆಯಲು ನನಗೆ ಏಳು ತಿಂಗಳು ಹಿಡಿಯಿತು.

ಕತ್ತಿ ನನ್ನ ಕೈಗೆ ಬಂದ ವಾರಕ್ಕೇ ಕಂಪನಿಯವರು ಅದರ ಬಲವನ್ನು ಅರ್ಧಕ್ಕೆ ಇಳಿಸಿದರು. ಢಾಲಿನವರು ದೂರು ಕೊಟ್ಟಿದ್ದರಂತೆ. ನಿನ್ನೆ ಗೋಡೆ ಸೀಳುತ್ತಿದ್ದ ಕತ್ತಿ ಇವತ್ತು ಕಬ್ಬಿನ ಗಳ. ಆದರೂ ನಾನು ಬಿಡಲಿಲ್ಲ. ಮುಂದೆ ಇನ್ನೊಂದು ಅನ್ಯಾಯವಾಯಿತು. ಬೆಟ್ಟದ ಕುಲದವರು ಮಾತ್ರ ಎರಡು ಕೈಯ ಕತ್ತಿಯನ್ನು ಒಂದೇ ಕೈಯಲ್ಲಿ ಹಿಡಿಯಬಹುದು, ಇನ್ನೊಂದರಲ್ಲಿ ಢಾಲು ಇಟ್ಟುಕೊಳ್ಳಬಹುದು ಎಂದು ಹೊಸ ಕಾಯ್ದೆ ತಂದರು. ಒಂದು ಕೈಯಲ್ಲಿ ಹಿಡಿಯುವುದಾದರೆ ಅದಕ್ಕೆ ಎರಡು ಕೈಯ ಕತ್ತಿ ಎಂಬ ಹೆಸರು ಯಾಕೆ? ಈ ಪ್ರಶ್ನೆಯನ್ನು ನಾನು ನಮ್ಮವರಿಗೂ ಕೇಳಿದೆ. ಅವರು ಎತ್ತಿನ ಕೊಂಬಿಗೆ ಎಣ್ಣೆ ಸವರುತ್ತಿದ್ದರು. "ನೀ ರೊಟ್ಟಿ ಒಂದ ಕೈಲೆ ಬಡೀಲಾಕ ಬರ್ತದೇನು ನೋಡು, ಆಮ್ಯಾಲ ಹೇಳ್ತೀನಿ" ಎಂದರು.

ಇನ್ನು ಒಂದು ಕಾಯ್ದೆ ಮಾತ್ರ ಮೊದಲಿನಿಂದ ಕೊನೆಯವರೆಗೂ ಬದಲಾಗಲಿಲ್ಲ. ಎರಡು ಕೈಯ ಕತ್ತಿಯನ್ನು ಮತ್ತೊಬ್ಬರಿಗೆ ಕೊಡಬೇಕಾದರೆ ಇಬ್ಬರೂ ಕೋಟೆಯ ಬಾಗಿಲಲ್ಲಿ ಎದುರುಬದುರು ನಿಲ್ಲಬೇಕು. ಕೊಡುವವರೂ ತೆಗೆದುಕೊಳ್ಳುವವರೂ ತಮ್ಮ ತಮ್ಮ ಫೋನಿನ ಮೇಲೆ ಎರಡೂ ಹೆಬ್ಬೆರಳು ಒತ್ತಿ ಹಿಡಿಯಬೇಕು. ನಡುವೆ ಒಂದು ಉಂಗುರ ಮೆಲ್ಲಗೆ ತುಂಬುತ್ತದೆ. ಒಂದು ಬೆರಳು ಸರಿದರೂ ಉಂಗುರ ಒಡೆಯಿತು, ಮತ್ತೆ ಮೊದಲಿನಿಂದ.

ಇದನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮತ್ತೆ ನೆನಪಾದರು. ನಾನು ಹೊಸದಾಗಿ ಈ ಮನೆಗೆ ಬಂದಾಗ ಯಾರಿಗೋ ನೀರಿನ ತಂಬಿಗೆಯನ್ನು ಒಂದೇ ಕೈಯಲ್ಲಿ ಕೊಟ್ಟಿದ್ದೆ. ಅತ್ತೆ ಒಳಗೆ ಕರೆದು ಹೇಳಿದರು.

"ಜೋಡಗೈಲೆ ಕೊಡು, ತಂಗಿ. ಒಂದ ಕೈಲೆ ದನಕ್ಕ ಹಿಂಡಿ ಇಡ್ತಾರ."

ಜೋಡಗೈ. ಈ ಶಬ್ದ ನಮ್ಮ ತವರಿನಲ್ಲಿಲ್ಲ, ಉಮರ್ಗಾದ ಪೇಟೆಯಲ್ಲೂ ಇಲ್ಲ. ಅದು ಅತ್ತೆಯ ಸ್ವಂತ ಟಂಕಸಾಲೆಯ ನಾಣ್ಯ. ನೀರು ಜೋಡಗೈಲೆ, ಪ್ರಸಾದ ಜೋಡಗೈಲೆ, ಕೂಸು ಜೋಡಗೈಲೆ. ಆ ಮನೆಯ ಹೊಸ್ತಿಲು ದಾಟಿದರೆ ಆ ಶಬ್ದ ಚಲಾವಣೆಯಲ್ಲಿರಲಿಲ್ಲ. ಮುಂದಿನ ಕಥೆಗೆ ಇದು ಬೇಕಾಗುತ್ತದೆ, ಗಂಟು ಹಾಕಿಟ್ಟುಕೊಳ್ಳಿ.

ಅತ್ತೆಗೆ ಒಬ್ಬಳೇ ಮಗಳು ಸುವರ್ಣಾ, ನನ್ನ ನಾದಿನಿ. ಉದಗೀರದಲ್ಲಿ ಅವಳದೊಂದು ಹಿಟ್ಟಿನ ಗಿರಣಿ ಇದೆ. ಗಂಡ ಮೆಣಸಿನಕಾಯಿ ಕುಟ್ಟುವ ಯಂತ್ರ ನೋಡಿಕೊಂಡರೆ ಜೋಳ, ಗೋಧಿಯ ಕಡೆ ಇವಳೇ ನಿಲ್ಲುತ್ತಾಳೆ. ನನಗಿಂತ ಐದು ವರ್ಷ ಚಿಕ್ಕವಳು, ಅತ್ತಿಗೆಯಾದ ನನ್ನನ್ನು 'ವೈನಿ' ಎಂದು ಕರೆದು 'ನೀ' ಎಂದು ಮಾತಾಡುವವಳು. ಸಿಟ್ಟು ಬಂದರೆ ಮಾತ್ರ 'ರೀ' ಹಚ್ಚುತ್ತಾಳೆ. ಬೇರೆಯವರಲ್ಲಿ ಅದು ಮರ್ಯಾದೆ, ಇವಳಲ್ಲಿ ಅದು ಶಿಕ್ಷೆ. ಅತ್ತೆ ತೀರಿಕೊಂಡ ಮೇಲೆ ಪ್ರತಿ ಪಂಚಮಿಗೆ ಅವಳನ್ನು ಕರೆದು, ಹೊರಡುವಾಗ ಉಡಿ ತುಂಬಿ ಕಳಿಸುವ ಕೆಲಸ ನನ್ನದಾಯಿತು. ತಾಯಿ ಇಲ್ಲದ ಹೆಣ್ಣುಮಗಳಿಗೆ ತವರು ಎಂದರೆ ವೈನಿಯ ಎರಡು ಕೈಯೇ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

ಆ ಪಂಚಮಿಯ ಮರುದಿನ ಸುವರ್ಣಾ ಹೊರಟು ನಿಂತಿದ್ದಳು. ಹೊರಗೆ ಅವಳ ಅಣ್ಣ, ಅಂದರೆ ನಮ್ಮವರು, ಮೋಟಾರ್ ಸೈಕಲ್ ಒದೆಯುತ್ತಿದ್ದರು, ಬಸ್ ಸ್ಟ್ಯಾಂಡಿಗೆ ಬಿಡಲು. ನಾನು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಪ್ಪಸದ ಖಣ ಎಲ್ಲ ಜೋಡಿಸಿದ್ದೆ. ಅದೇ ಹೊತ್ತಿಗೆ ನಾಲ್ಕನೇ ಕೋಟೆಯ ದೈತ್ಯ ಎದ್ದ. ದೇವಣಿ ಹೋರಿಯ ಹಾಗೆ ಇಳಿಬಿದ್ದ ಕಿವಿ, ಅಷ್ಟೇ ಅಗಲದ ಹಣೆ. ಮೂರು ವಾರದಿಂದ ಅವನಿಗಾಗಿ ಕಾದಿದ್ದೆ. ಒಂದೇ ಒಂದು ಏಟು ಬಾಕಿ.

ಏನು ಮಾಡಿದೆ ಎಂದರೆ, ಎಡಗೈಯಲ್ಲಿ ಫೋನು ಹಿಡಿದು ದೈತ್ಯನನ್ನು ಹೊಡೆಯುತ್ತ, ಬಲಗೈಯಿಂದ ಸುವರ್ಣಾಳ ಉಡಿಗೆ ಅಕ್ಕಿ ಹಾಕಿದೆ. ಐದು ಬೊಗಸೆ ಹಾಕಬೇಕು. ಬೊಗಸೆ ಎಂದರೇ ಎರಡು ಕೈ. ನಾನು ಹಾಕಿದ್ದು ಐದು ಹಿಡಿ, ಅದೂ ನೋಡದೆ. ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಎರಡು ಕೈ ಬೇಕಾದ ಕತ್ತಿ ಒಂದು ಕೈಯಲ್ಲಿ, ಎರಡು ಕೈ ಬೇಕಾದ ಉಡಿ ಇನ್ನೊಂದು ಕೈಯಲ್ಲಿ. ದೈತ್ಯ ನನ್ನನ್ನು ಒಂದೇ ತುತ್ತಿಗೆ ನುಂಗಿದ. ಸತ್ತವರ ಆಯುಧ ಬಿದ್ದುಹೋಗುತ್ತದೆ ಎಂಬುದು ಆಟದ ನಿಯಮ, ಕತ್ತಿಯೂ ಹೋಯಿತು. "ಅಯ್ಯಯ್ಯೋ!" ಎಂದು ಕೂಗಿದೆ. ಅಕ್ಕಿ ಚೆಲ್ಲಿದ್ದಕ್ಕೆ ಕೂಗಿದೆನೆಂದು ಒಂದು ಕ್ಷಣ ಸುವರ್ಣಾ ತಿಳಿದಿರಬೇಕು. ಆಮೇಲೆ ನನ್ನ ಕಣ್ಣು ಎಲ್ಲಿದೆ ಎಂದು ನೋಡಿದಳು. ಫೋನಿನ ಮೇಲೆ 'ರುದ್ರಸೇನ ಹತ' ಎಂದು ದೊಡ್ಡದಾಗಿ ಬರೆದಿತ್ತು.

"ಇರಲಿ ಬಿಡ್ರೀ ವೈನಿ. ನಿಮಗ ಕೆಲಸ ಅದ" ಎಂದಳು.

ಉಡಿ ಕಟ್ಟಿಕೊಂಡು ಹೊರಟೇ ಹೋದಳು. ಒಂದೇ ವಾಕ್ಯದಲ್ಲಿ 'ಬಿಡ್ರೀ' ಮತ್ತು 'ನಿಮಗ'. ನಾನು ಅಲ್ಲೇ ಕೂತು ಅಕ್ಕಿ ಆರಿಸಿದೆ. ಪ್ರತಿ ಕಾಳೂ ನನ್ನ ಮುಖ ನೋಡಿದಂತಾಯಿತು.

ಮುಂದಿನ ಪಂಚಮಿಗೆ ಕರೆದರೆ ಸೋಯಾಬೀನಿಗೆ ಕಳೆ ಬಂದಿದೆ ಎಂದಳು. ಅದರ ಮುಂದಿನ ಪಂಚಮಿಗೆ ಗಿರಣಿಯ ಪಟ್ಟಾ ಹರಿದಿದೆ ಎಂದಳು. ಫೋನು ಮಾಡಿದರೆ "ಆರಾಮ ಇದ್ದೀನ್ರೀ. ನೀವ ಆರಾಮ ಇದ್ದೀರ್ರೀ?" ಇಷ್ಟೇ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಈ ಮರ್ಯಾದೆ ತಡೆಯಲಾಗುತ್ತಿರಲಿಲ್ಲ. ನಮ್ಮವರು ತಂಗಿಯ ಮಾತು ಎತ್ತುತ್ತಿರಲಿಲ್ಲ, ಆದರೆ ಪಂಚಮಿಯ ಉಂಡಿ ತಿನ್ನುವುದನ್ನು ಬಿಟ್ಟರು. ನನಗೆ ಅದು ಅರ್ಥವಾಗುತ್ತಿತ್ತು.

ಆಟವನ್ನಾದರೂ ಬಿಡಬೇಕಿತ್ತಲ್ಲ ಎನ್ನುತ್ತೀರಿ. ಆರು ತಿಂಗಳು ಬಿಟ್ಟಿದ್ದೆ. ಆಮೇಲೆ ಹಲ್ಲು ಬಿದ್ದ ಜಾಗಕ್ಕೆ ನಾಲಗೆ ಹೋದಂತೆ ಮತ್ತೆ ಹೋದೆ. ಅಲ್ಲಿ 'ತೂರ್ ಪಲಟನ್', ಅಂದರೆ ತೊಗರಿ ಪಡೆ, ಎಂಬ ನಮ್ಮ ಕಡೆಯವರ ಗುಂಪಿತ್ತು. ಮಾತುಕತೆ ಮರಾಠಿಯಲ್ಲಿ, ಅಕ್ಷರ ಇಂಗ್ಲಿಷಿನವು. ನಿಲಂಗಾದ ಮಾಳಿಂಗ ಎಂಬವನು ಅದರ ಯಜಮಾನ. ಬೀರಪ್ಪನ ಭಕ್ತ, ಕುರಿ ಮೇಯಿಸುತ್ತ ಗಿಡದ ನೆರಳಲ್ಲಿ ಆಡುತ್ತಿದ್ದ. ನನ್ನ ಗಡ್ಡ ನೋಡಿ 'ದಾದಾ', ಅಂದರೆ ಅಣ್ಣ, ಎನ್ನುತ್ತಿದ್ದ.

ಆ ಗುಂಪಿನಲ್ಲಿ ಎರಡು ಕೈಯ ಕತ್ತಿಗೆ ಚುಟುಕಾಗಿ 'ದೋನ್ ಹಾತಿ' ಎನ್ನುತ್ತಿದ್ದರು. ಮರಾಠಿಯಲ್ಲಿ 'ಹಾತಿ' ಎಂದರೆ ಕೈಯಲ್ಲಿ. ನನ್ನದು ಕನ್ನಡದ ನಾಲಗೆ, ಒತ್ತು ಕೊಡದಿದ್ದರೆ ಅದಕ್ಕೆ ಉಂಡಂತಾಗುವುದಿಲ್ಲ. 'ಮಲಾ ದೋನ್ ಹತ್ತಿ ಪಾಹಿಜೆ', ನನಗೆ ದೋನ್ ಹತ್ತಿ ಬೇಕು, ಎಂದು ಬರೆದುಬಿಟ್ಟೆ. ಬದಲಿಗೆ ನನ್ನ ನಲವತ್ತು ಢಾಲು ಕೊಡುತ್ತೇನೆ ಎಂದೂ ಸೇರಿಸಿದೆ. ನಮ್ಮ ಕನ್ನಡದಲ್ಲಿ ಹತ್ತಿ ಎಂದರೆ ಅರಳೆ. ಮರಾಠಿಯಲ್ಲಿ ಹತ್ತಿ ಎಂದರೆ ಆನೆ. ಮಾಳಿಂಗ ಪ್ರಾಮಾಣಿಕ ಮನುಷ್ಯ, ಢಾಲು ತೆಗೆದುಕೊಂಡು ಎರಡು ಆನೆ ಕಳಿಸಿದ.

ಆಟದ ಆನೆಗಳಿಗೆ ಹಗಲಲ್ಲಿ ಮೂರು ಸಲ ಹುಲ್ಲು ಹಾಕಬೇಕು. ತಪ್ಪಿದರೆ ಓಡಿಹೋಗುತ್ತವೆ. ನಾನು ಹಾಕತೊಡಗಿದೆ, ಏನು ಮಾಡುವುದು, ಮನೆಗೆ ಬಂದ ಜೀವ. "ಹಿತ್ತಲದಾಗ ಎಮ್ಮಿ ಒದರ್ಲತ್ತದ, ನೀ ಫೋನಿನಾಗಿನ ಆನಿಗಿ ಹುಲ್ಲ ಹಾಕ್ಲತ್ತೀ" ಎಂದು ನಮ್ಮವರು ಮೊದಲ ಸಲ ನನ್ನ ಆಟದ ಬಗ್ಗೆ ಪೂರಾ ಒಂದು ವಾಕ್ಯ ಮಾತಾಡಿದರು.

ಗುಂಪಿನಲ್ಲಿ ನಾನು ಮಾಳಿಂಗನ ಜೊತೆ ಜಗಳ ತೆಗೆದೆ. ಆನೆ ಕೇಳಿದವರಾರು ಎಂದೆ. ನೀವೇ ಕೇಳಿದಿರಿ ದಾದಾ ಎಂದ. ಅರ್ಧ ಗುಂಪು ಅವನ ಕಡೆ, ಅರ್ಧ ಗುಂಪು ಆನೆಯ ಕಡೆ. ನನ್ನ ಕಡೆ ಒಬ್ಬರೂ ಇಲ್ಲ. ಆಗ 'ಗಿರಣಿ ಭೀಮ' ಎಂಬ ಹೆಸರಿನ ಒಬ್ಬ, ಅದುವರೆಗೆ ಗುಂಪಿನಲ್ಲಿ ಒಂದಕ್ಷರ ಬರೆಯದಿದ್ದವನು, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದ.

"ಆನಿ ಅಲ್ರೀ. ಆಕಿ ಜೋಡಗೈ ತಲವಾರ ಕೇಳ್ಲತ್ತಾಳ. ನನ್ನ ಹಂತ್ಯಾಕ ಅದ, ಕೊಡ್ತೀನಿ."

ಆ ಹೊತ್ತಿಗೆ ನಾನು ರೊಟ್ಟಿ ಮಾಡುತ್ತಿದ್ದೆ. ಕತ್ತಿ ಸಿಗುತ್ತದೆ ಎಂಬ ಸಂಭ್ರಮದಲ್ಲಿ ಓದಿದ್ದು ತಲೆಗೆ ಇಳಿಯಲಿಲ್ಲ. ಕೋಟೆಯ ಬಾಗಿಲಿಗೆ ಓಡಿದೆ. ಭೀಮ ಎದುರಿಗೆ ಬಂದು ನಿಂತ. ಬಲಗೈಗೆ ಹಿಟ್ಟು ಮೆತ್ತಿತ್ತು, ಹಂಚಿನ ಮೇಲೆ ರೊಟ್ಟಿ ಇತ್ತು. ಎಡಗೈಯ ಹೆಬ್ಬೆರಳೊಂದನ್ನೇ ಒತ್ತಿದೆ. ಉಂಗುರ ತುಂಬಲಿಲ್ಲ. ಭೀಮ ಕಾದ. ರೊಟ್ಟಿ ತಿರುವಿ ಹಾಕಿ ಮತ್ತೆ ಒತ್ತಿದೆ, ಒಂದೇ ಬೆರಳು. ಮೂರನೇ ಸಲವೂ ಉಂಗುರ ಒಡೆದಾಗ ಭೀಮ ಬರೆದ.

"ಇನ್ನೂ ಒಂದ ಕೈಲೇ ಏನ್ರೀ?"

ರೊಟ್ಟಿ ಹೊತ್ತಿತು. ಆಗ ಎಲ್ಲವೂ ಒಮ್ಮೆಲೇ ತಲೆಗೆ ಬಂತು. ಗಡ್ಡ ಬಿಟ್ಟ ರುದ್ರಸೇನನಿಗೆ ಅವನು 'ಆಕಿ' ಎಂದಿದ್ದ. 'ಜೋಡಗೈ' ಎಂದಿದ್ದ. ಗಿರಣಿ ಎಂದರೆ ಉದಗೀರ, ಸಿಟ್ಟು ಎಂದರೆ 'ರೀ'. ಅತ್ತೆಯ ಶಬ್ದವನ್ನು ಈ ಲೋಕದಲ್ಲಿ ಇನ್ನು ಮೂವರೇ ಬಲ್ಲರು. ಅವರಲ್ಲಿ ಒಬ್ಬರು ಹಿತ್ತಿಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದರು, ಇನ್ನೊಬ್ಬಳು ಹಿಟ್ಟಿನ ಕೈಯಲ್ಲಿ ಇಲ್ಲಿ ನಿಂತಿದ್ದಳು. ಕೈ ತೊಳೆದು ಓಡಿ ಬರುವಷ್ಟರಲ್ಲಿ ಭೀಮ ಹೊರಟುಹೋಗಿದ್ದ.

ಅಂದಿನಿಂದ ಪ್ರತಿ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟು, ಕೋಟೆಯ ಬಾಗಿಲಲ್ಲಿ ನಿಂತು ಎರಡೂ ಹೆಬ್ಬೆರಳು ಒತ್ತಿ ಹಿಡಿದು ಕಾದೆ. ಗೋಡೆಗೊರಗಿ, ಕಾಲು ಚಾಚಿ, ಫೋನನ್ನು ಮುರಿಯುವವಳ ಹಾಗೆ ಒತ್ತಿ ಹಿಡಿದು. ಬಾಗಿಲು ಕಾಯುವುದು ನನಗೆ ಶಾಲೆಯಿಂದಲೇ ಬಂದ ವಿದ್ಯೆ. ಭೀಮ ಬರಲಿಲ್ಲ. ಹದಿನೈದು ದಿನಕ್ಕೆ ಬಲ ಹೆಬ್ಬೆರಳು ಬದನೆಕಾಯಿಯಾಯಿತು. ಹೀಗೆ ಡಾಕ್ಟರು, ಹೀಗೆ ಈ ಪಟ್ಟಿ.

ದವಾಖಾನೆಯಿಂದ ಬರುವಾಗ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅಕ್ಕಿಯ ಕಥೆಯನ್ನೂ ಹೇಳಿದೆ, ಅದುವರೆಗೆ ಅವರಿಗೆ ಹೇಳಿರಲಿಲ್ಲ. ಅವರು ಮೋಟಾರ್ ಸೈಕಲ್ ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ.

"ಉದಗೀರ ಎಷ್ಟ ದೂರ ಅದ?" ಎಂದರು.

"ಮೂರು ತಾಸು."

"ಹದಿನೈದ ದಿನ ಬಾಗಲದಾಗ ಬೊಟ್ಟ ಒತ್ತಕೋತ ನಿಂತಿದ್ದಿ. ಮೂರು ತಾಸು ಬಸ್ಸಿನಾಗ ಕೂಡಲಾಕ ಏನ ಧಾಡಿ?"

ಮರುದಿನ ಕೆಂಪು ಬಸ್ಸು ಹತ್ತಿದೆ. ಚೀಲದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ, ಖಣ. ನಿಲಂಗಾದಲ್ಲಿ ಬಸ್ಸು ನಿಂತಾಗ ಕಂಬಳಿ ಹೊದ್ದ ಒಬ್ಬ ಎತ್ತರದ ಮನುಷ್ಯ ಕಿಟಕಿಯಿಂದ ಕಿಟಕಿಗೆ ಗಡ್ಡದವರನ್ನು ಹುಡುಕುತ್ತ ಬಂದ. ಮಾಳಿಂಗ. ನಾನು ಬರುವ ಸುದ್ದಿಯನ್ನು ಗುಂಪಿನಲ್ಲಿ ಹಾಕಿದ್ದೆ, ಹೆಂಗಸು ಎಂಬುದನ್ನು ಹಾಕಿರಲಿಲ್ಲ. ಭೀಮ ಬರೆದ 'ಆಕಿ' ಅವನ ಕಣ್ಣಿಗೂ ಬಿದ್ದಂತಿರಲಿಲ್ಲ. "ನಾನೇ ರುದ್ರಸೇನ" ಎಂದೆ. ಅವನು ನನ್ನ ಕುಂಕುಮ ನೋಡಿದ, ಪಟ್ಟಿ ಕಟ್ಟಿದ ಬೆರಳು ನೋಡಿದ, ಸಾವರಿಸಿಕೊಂಡ.

"ಹಾಂಗೇನ್ರೀ ಅಕ್ಕೋರ? ಇರಲಿ ಬಿಡ್ರಿ. ಆನಿ ಆರಾಮ ಅವೇನು?"

"ಆರಾಮ ಅವಪ್ಪಾ" ಎಂದೆ. ಬಸ್ಸು ದೇವಣಿಯ ಕಡೆ ಹೊರಟಿತು.

ಉದಗೀರ ಮುಟ್ಟಿದಾಗ ಗಿರಣಿ ಭರ್ರೆಂದು ನಡೆಯುತ್ತಿತ್ತು. ಹಿಟ್ಟಿನ ಮಂಜಿನೊಳಗೆ ಸುವರ್ಣಾ, ಹುಬ್ಬೂ ಬಿಳಿ, ರೆಪ್ಪೆಯೂ ಬಿಳಿ. ಡಬ್ಬಿ ಹಿಡಿದ ನಾಲ್ಕು ಜನ ಸರದಿಯಲ್ಲಿದ್ದರು. ನನ್ನನ್ನು ನೋಡಿ ಅವಳು ಗಿರಣಿ ನಿಲ್ಲಿಸಲಿಲ್ಲ. ಆ ಸದ್ದಿನಲ್ಲಿ ನಾವಿಬ್ಬರೂ ಕೂಗಿಯೇ ಮಾತಾಡಬೇಕಾಯಿತು.

"ಯಾಕ ಬಂದೀರ್ರೀ?"

"ಉಡಿ ತುಂಬಲಾಕ! ನೀ ಯಾಕ ಆ ಆಟ ಹಾಕ್ಕೊಂಡಿ?"

"ನನಕಿಂತ ದೊಡ್ಡದು ಅದರಾಗ ಏನದ ನೋಡಬೇಕಂತ ಹಾಕ್ಕೊಂಡೆ!"

"ಏನಿತ್ತು?"

"ಏನೂ ಇಲ್ಲರೀ! ಬರೇ ತಲವಾರ!"

ಡಬ್ಬಿಯವರು ಒಂದು ಹೆಜ್ಜೆ ಹಿಂದೆ ಸರಿದರು. ಸುವರ್ಣಾ ಕೈಚಾಚಿ ಗಿರಣಿ ನಿಲ್ಲಿಸಿದಳು. ಪಟ್ಟಾ ಸುತ್ತಿ ಸುತ್ತಿ ನಿಂತಿತು. ಅವಳ ಕಣ್ಣು ನನ್ನ ಬೆರಳಿನ ಪಟ್ಟಿಯ ಮೇಲಿತ್ತು. "ತಪ್ಪಾಯ್ತವ್ವಾ" ಎಂದೆ. ಹೇಳಲು ಇಷ್ಟು ಸುಲಭದ ಮಾತನ್ನು ಎರಡು ವರ್ಷ ಹೊತ್ತು ತಿರುಗಿದ್ದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

"ಫೋನ್ ಎಲ್ಲದ?" ಎಂದು ಕೇಳಿದಳು.

"ಮನ್ಯಾಗ ಬಿಟ್ಟ ಬಂದೀನಿ. ನಿಮ್ಮಣ್ಣನ ಕೈಯಾಗ ಕೊಟ್ಟೀನಿ, ಆನಿಗಿ ಹುಲ್ಲ ಹಾಕಲಾಕ."

ಅವಳ ಬಿಳಿ ಮುಖದಲ್ಲಿ ಬಾಯಿ ನಗತೊಡಗಿತು. ತನ್ನ ಅಣ್ಣ ಕನ್ನಡಕ ಏರಿಸಿಕೊಂಡು ಎರಡು ಆನೆ ಮೇಯಿಸುತ್ತಿರುವುದು ಅವಳಿಗೆ ಕಂಡಿರಬೇಕು. ಕೈಯ ಹಿಟ್ಟು ಒರೆಸಿಕೊಂಡಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಉಡಿ ತುಂಬಲು ಎರಡು ಕೈ ಬೇಕೆಂದು ಗೊತ್ತಿತ್ತು. ಒಡ್ಡಲಿಕ್ಕೂ ಎರಡು ಬೇಕು ಎಂಬುದನ್ನು ನಾನು ಅಂದೇ ನೋಡಿದ್ದು.

"ಹಾಕು, ವೈನಿ" ಎಂದಳು.

'ಹಾಕ್ರೀ' ಅಲ್ಲ, ಹಾಕು. ಊದಿದ ಬೆರಳು ಜುಂ ಎನ್ನುತ್ತಿತ್ತು, ಪಟ್ಟಿ ಬಿಚ್ಚಿ ಬೊಗಸೆ ತುಂಬಿದೆ. ಎರಡನೇ ಬೊಗಸೆಗೆ ಗಲ್ಲಾಪೆಟ್ಟಿಗೆಯ ಮೇಲಿದ್ದ ಅವಳ ಫೋನು ಹೊಡೆದುಕೊಳ್ಳತೊಡಗಿತು. "ಬಾಯಿ, ಫೋನ್" ಎಂದರು ಡಬ್ಬಿಯವರು. ಮೂರನೇ ಬೊಗಸೆ, ನಾಲ್ಕನೇ ಬೊಗಸೆ, ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಲು ನಮ್ಮಿಬ್ಬರಲ್ಲಿ ಒಂದು ಕೈಯೂ ಖಾಲಿ ಇರಲಿಲ್ಲ.

ಆಮೇಲೆ ಗೊತ್ತಾಯಿತು, ನಮ್ಮವರ ಕರೆ. ಒಂದು ಆನೆ ಓಡಿಹೋಗಿತ್ತು.